ನಾನು ಉಗುಳಿದ ಮಾತ್ರೆ ಮತ್ತು ಡಾ. ಸುಬ್ಬರಾವ್

ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಆನೆಕಾಲು ರೋಗ ತಡೆಯಲು ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಡಿಇಸಿ ಮಾತ್ರೆ ಕೊಡುತ್ತಾರೆ. ತಲೆ ಸುತ್ತುತ್ತದೆ ಎಂದು ಗೆಳೆಯರು ಹೆದರಿಸಿದ್ದರಿಂದ ಒಂದು ಸಲ ನಾನು ನುಂಗಿದಂತೆ ನಟಿಸಿ, ಅವರು ಹೋದ ಮೇಲೆ ಬಚ್ಚಲಿಗೆ ಉಗುಳಿದೆ. ಮಂಚದ ಮೇಲೆ ಕೂತಿದ್ದ ದಾದಿ ಅದನ್ನು ನೋಡಿದರು, ಏನೂ ಅನ್ನಲಿಲ್ಲ. ಅವರ ಎಡಗಾಲು ಎಷ್ಟೋ ವರ್ಷಗಳಿಂದ ಊದಿಕೊಂಡಿದೆ. ಆ ಕಾಲಿಗೆ ಹಿಡಿಯುವ ಚಪ್ಪಲಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಈ ವರ್ಷ ಜೀವಶಾಸ್ತ್ರ ತರಗತಿಯಲ್ಲಿ ಎಟಿಪಿ ಪಾಠ ಮಾಡುವಾಗ ನಮ್ಮ ಉಪನ್ಯಾಸಕರು ಯಲ್ಲಾಪ್ರಗಡ ಸುಬ್ಬರಾವ್ ಎಂಬ ಹೆಸರು ಹೇಳಿದರು. ಡಿಇಸಿ ಮಾತ್ರೆ ಹೊರಬಂದದ್ದೂ ಅವರ ಪ್ರಯೋಗಾಲಯದಿಂದಲೇ ಎಂದಾಗ ನಾನು ತಲೆ ತಗ್ಗಿಸಿದೆ. ಆಮೇಲೆ ಅವರ ಬಗ್ಗೆ ಹುಡುಕಿ ಓದಿದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳುತ್ತಿದ್ದೇನೆ.

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಆಂಧ್ರದ ಭೀಮಾವರಂನಲ್ಲಿ. ಬಡತನದ ಮನೆ. ಮೆಟ್ರಿಕ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾದರು. ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಓದುವಾಗ ಗಾಂಧೀಜಿಯವರ ಪ್ರಭಾವದಿಂದ ಖಾದಿ ಧರಿಸಿದರು. ಅದು ಶಸ್ತ್ರಚಿಕಿತ್ಸೆಯ ಆಂಗ್ಲ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಕೊನೆಗೆ ಎಂಬಿಬಿಎಸ್ ಬದಲು ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಪದವಿಯಷ್ಟೇ ಸಿಕ್ಕಿತು. ಅದೇ ಕಾಲದಲ್ಲಿ ಸ್ಪ್ರೂ ಎಂಬ ಕರುಳಿನ ಕಾಯಿಲೆ ಅವರ ಇಬ್ಬರು ಸಹೋದರರನ್ನು ಕೆಲವೇ ದಿನಗಳ ಅಂತರದಲ್ಲಿ ಬಲಿ ತೆಗೆದುಕೊಂಡಿತು.

ಸಂಶೋಧನೆ ಮಾಡಲೇಬೇಕೆಂದು 1920ರ ದಶಕದ ಆರಂಭದಲ್ಲಿ ಅವರು ಅಮೆರಿಕದ ಹಾರ್ವರ್ಡ್‌ಗೆ ಹೋದರು. ಹೊಟ್ಟೆಪಾಡಿಗೆ ರಾತ್ರಿ ಹೊತ್ತು ಆಸ್ಪತ್ರೆಯಲ್ಲಿ ಕೆಳದರ್ಜೆಯ ಕೆಲಸ ಮಾಡಿದರು. ಸೈರಸ್ ಫಿಸ್ಕೆ ಅವರೊಂದಿಗೆ ಸೇರಿ, ರಕ್ತ ಮತ್ತು ಮೂತ್ರದಲ್ಲಿನ ರಂಜಕವನ್ನು ಅಳೆಯುವ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. 1929ರಲ್ಲಿ ಸ್ನಾಯುಗಳಲ್ಲಿ ಎಟಿಪಿ ಇರುವುದನ್ನು ತೋರಿಸಿಕೊಟ್ಟರು. ಜರ್ಮನಿಯ ಕಾರ್ಲ್ ಲೋಮನ್ ಕೂಡ ಅದೇ ವರ್ಷ ಅದನ್ನು ಕಂಡುಹಿಡಿದಿದ್ದರು. ಇಷ್ಟಾದರೂ ಹಾರ್ವರ್ಡ್‌ನಲ್ಲಿ ಕಾಯಂ ಹುದ್ದೆ ಸಿಗಲಿಲ್ಲ.

1940ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಲೆಡರ್ಲಿ ಪ್ರಯೋಗಾಲಯ ಸೇರಿದರು. ಅಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಸಹೋದರರನ್ನು ಕೊಂದ ಸ್ಪ್ರೂ ಕಾಯಿಲೆಯ ಚಿಕಿತ್ಸೆಗೆ ಅದು ಬಳಕೆಗೆ ಬಂತು. ಶಾಲೆಯಲ್ಲಿ ವಾರಕ್ಕೊಮ್ಮೆ ನಮಗೆ ಕೊಡುತ್ತಿದ್ದ ಕಬ್ಬಿಣಾಂಶದ ಮಾತ್ರೆಯಲ್ಲೂ ಫೋಲಿಕ್ ಆಮ್ಲ ಇರುತ್ತದೆ.

ಫೋಲಿಕ್ ಆಮ್ಲವಿಲ್ಲದೆ ಜೀವಕೋಶಗಳು ವೃದ್ಧಿಯಾಗಲಾರವು. ಹಾಗಾದರೆ ಕ್ಯಾನ್ಸರ್ ಕೋಶಗಳಿಗೆ ಅದು ಸಿಗದಂತೆ ತಡೆದರೆ? ಬಾಸ್ಟನ್‌ನ ಮಕ್ಕಳ ವೈದ್ಯ ಸಿಡ್ನಿ ಫಾರ್ಬರ್ ಇದನ್ನು ಪರೀಕ್ಷಿಸಲು ಹೊರಟಾಗ, ಸುಬ್ಬರಾವ್ ತಂಡವೇ ಅಮಿನೊಪ್ಟೆರಿನ್ ಎಂಬ ಔಷಧಿ ತಯಾರಿಸಿಕೊಟ್ಟಿತು. ರಕ್ತದ ಕ್ಯಾನ್ಸರ್‌ನಿಂದ ಸಾಯುವ ಹಂತದಲ್ಲಿದ್ದ 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡರು ಎಂದು 1948ರಲ್ಲಿ ಫಾರ್ಬರ್ ವರದಿ ಮಾಡಿದರು. ಚೇತರಿಕೆ ತಾತ್ಕಾಲಿಕವಾಗಿತ್ತು, ಆದರೆ ಮುಂದಿನ ದಾರಿ ತೆರೆಯಿತು. ಅದೇ ಗುಂಪಿನ ಮೆಥೊಟ್ರೆಕ್ಸೇಟ್ ಇಂದಿಗೂ ಮಕ್ಕಳ ಜೀವ ಉಳಿಸುತ್ತಿದೆ.

ಆನೆಕಾಲು ರೋಗದ ಡಿಇಸಿ ಬಂದದ್ದು 1947ರಲ್ಲಿ. ಮರುವರ್ಷ ಆಗಸ್ಟ್‌ನಲ್ಲಿ, 53ನೇ ವಯಸ್ಸಿನಲ್ಲಿ, ಸುಬ್ಬರಾವ್ ಅಮೆರಿಕದಲ್ಲೇ ತೀರಿಕೊಂಡರು. ಹೋದವರು ಒಮ್ಮೆಯೂ ಊರಿಗೆ ಮರಳಲಿಲ್ಲ. ಹೆಸರಿಗಾಗಿ ಮುಂದೆ ನಿಲ್ಲುವ ಸ್ವಭಾವವೂ ಅವರದಾಗಿರಲಿಲ್ಲ. ಹೀಗಾಗಿ ಅವರ ಔಷಧಿ ಕೋಟ್ಯಂತರ ಜನರಿಗೆ ತಲುಪಿದರೂ ಹೆಸರು ತಲುಪಲಿಲ್ಲ.

ಡಿಇಸಿ ನಮ್ಮ ರಕ್ತದಲ್ಲಿರುವ ಮರಿಹುಳುಗಳನ್ನು ಕೊಲ್ಲುತ್ತದೆ. ಆಗ ಸೊಳ್ಳೆ ಕಚ್ಚಿದರೂ ರೋಗ ಇನ್ನೊಬ್ಬರಿಗೆ ದಾಟುವುದಿಲ್ಲ. ಎಷ್ಟೋ ವರ್ಷಗಳಿಂದ ಊದಿದ ಕಾಲನ್ನು ಅದು ಮೊದಲಿನಂತೆ ಮಾಡಲಾರದು. ದಾದಿಗೆ ಇದು ಗೊತ್ತು. ಆದರೂ ಪ್ರತಿ ಸಲ ಎಲ್ಲರಿಗಿಂತ ಮೊದಲು ಕೈ ಚಾಚುವವರು ಅವರೇ. ತನಗಲ್ಲ, ನಮಗಾಗಿ ಎಂಬುದು ನನಗೆ ಅರ್ಥವಾಗಲು ಇಷ್ಟು ಕಾಲ ಬೇಕಾಯಿತು.

ಈ ಸಲ ಊಟ ಮಾಡಿ, ದಾದಿಯ ಎದುರಿಗೇ ಮಾತ್ರೆ ನುಂಗಿದೆ. ಸ್ವಲ್ಪ ತಲೆ ಭಾರವಾಯಿತು, ಒಂದು ಗಳಿಗೆ ಮಲಗಿದೆ, ಅಷ್ಟೆ. ಗೆಳೆಯರೇ, ಆಶಾ ಅಕ್ಕ ನಿಮ್ಮ ಮನೆಗೂ ಬಂದಾಗ ಖಾಲಿ ಹೊಟ್ಟೆಯಲ್ಲಿ ಬೇಡ, ಉಂಡು ನುಂಗಿ. ಉಗುಳಬೇಡಿ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ