ವಾಗ್ಮಿ ಡಿಸ್ರೇಲಿ

ಚಲನಚಿತ್ರಗಳಿಗೆ ಇನ್ನೂ ಮಾತು ಬಾರದಿದ್ದ 1921ರಲ್ಲಿ ಅಮೆರಿಕದಲ್ಲಿ ‘ಡಿಸ್ರೇಲಿ’ ಎಂಬ ಮೂಕಚಿತ್ರವು ತೆರೆಕಂಡಿತು. ಜಾರ್ಜ್ ಆರ್ಲಿಸ್ ಅದರ ನಾಯಕನಟ. ಮಾತಿನ ಬಲದಿಂದ ಬ್ರಿಟನ್ನಿನ ಪ್ರಧಾನಮಂತ್ರಿಯಾದವನ ಕಥೆಯನ್ನು ಮಾತಿಲ್ಲದ ಚಿತ್ರವು ಹೇಳಬೇಕಾಗಿತ್ತು.

ಬೆಂಜಮಿನ್ ಡಿಸ್ರೇಲಿ 1804ರ ಡಿಸೆಂಬರ್ 21ರಂದು ಲಂಡನ್ನಿನ ಯೆಹೂದಿ ಮನೆತನವೊಂದರಲ್ಲಿ ಜನಿಸಿದನು. ತಂದೆ ಐಸಾಕ್ ಸಾಹಿತಿ. ಯೆಹೂದಿ ಪ್ರಾರ್ಥನಾ ಮಂದಿರದವರೊಡನೆ ವಿರಸ ಬೆಳೆದ ಕಾರಣ ಆತನು 1817ರಲ್ಲಿ ಮಕ್ಕಳಿಗೆ ಕ್ರೈಸ್ತ ದೀಕ್ಷೆ ಕೊಡಿಸಿದನು. ಪಾರ್ಲಿಮೆಂಟಿನ ಸದಸ್ಯರು ಕ್ರೈಸ್ತ ಧರ್ಮದ ಹೆಸರಿನಲ್ಲಿ ಪ್ರಮಾಣ ಮಾಡಬೇಕಾಗಿದ್ದ ಆ ಕಾಲದಲ್ಲಿ ಯೆಹೂದ್ಯರಿಗೆ ಅಲ್ಲಿ ಸ್ಥಾನವಿರಲಿಲ್ಲ. ದೀಕ್ಷೆಯಿಂದ ಬಾಲಕನಿಗೆ ಆ ಬಾಗಿಲು ತೆರೆಯಿತು; ಆದರೆ ಹುಟ್ಟಿನ ಕುರಿತ ಹೀಯಾಳಿಕೆ ಅವನನ್ನು ಬಿಡಲಿಲ್ಲ.

ತಾರುಣ್ಯದಲ್ಲಿಯೇ ಅವನು ಕಾದಂಬರಿಕಾರನೆಂದು ಹೆಸರಾದನು. ನಾಲ್ಕು ಬಾರಿ ಚುನಾವಣೆಯಲ್ಲಿ ಸೋತು, 1837ರಲ್ಲಿ ಪಾರ್ಲಿಮೆಂಟಿನ ಸದಸ್ಯನಾದನು. ಅವನ ಮೊದಲ ಭಾಷಣವು ನಗೆ ಮತ್ತು ಕೂಗಾಟಗಳಲ್ಲಿ ಮುಳುಗಿಹೋಯಿತು. ಸಭೆಯು ತನಗೆ ಕಿವಿಗೊಡುವ ಕಾಲ ಬಂದೇ ಬರುವುದೆಂದು ಸಾರಿ ಅವನು ಕುಳಿತುಕೊಂಡನು.

ಆ ಕಾಲ ಬಂದಿತು. ಆಗ ಅವನು ಏನನ್ನು ಕುರಿತು ಮಾತನಾಡಿದನೆಂಬುದು ಮುಖ್ಯ. 1847ರಲ್ಲಿ ಲಂಡನ್ ನಗರದ ಮತದಾರರು ಯೆಹೂದ್ಯನಾದ ಲಯನೆಲ್ ರಾಥ್‌ಚೈಲ್ಡನನ್ನು ಆರಿಸಿದರು. ಪ್ರಮಾಣವಚನವು ಅವನಿಗೆ ಅಡ್ಡಿಯಾಯಿತು. ಡಿಸ್ರೇಲಿಯ ಪಕ್ಷದ ಬಹುತೇಕ ಸದಸ್ಯರು ಯೆಹೂದ್ಯರ ಪ್ರವೇಶವನ್ನು ವಿರೋಧಿಸಿದರು. ನಾಯಕತ್ವದ ಹಂಬಲವಿದ್ದ ಡಿಸ್ರೇಲಿಗೆ ಮೌನವೇ ಕ್ಷೇಮವಾಗಿತ್ತು. ಆದರೂ ಅವನು ಎದ್ದು ನಿಂತು ಯೆಹೂದ್ಯರ ಪರವಾಗಿ ವಾದಿಸಿ, ಎದುರು ಪಕ್ಷದವರೊಡನೆ ಮತ ನೀಡಿದನು. 1858ರಲ್ಲಿ ರಾಥ್‌ಚೈಲ್ಡನು ಸಭೆಯಲ್ಲಿ ಆಸೀನನಾದನು.

ಡಿಸ್ರೇಲಿ 1868ರಲ್ಲಿ ಕೆಲವು ತಿಂಗಳು, ಮತ್ತೆ 1874ರಿಂದ 1880ರವರೆಗೆ ಪ್ರಧಾನಮಂತ್ರಿಯಾಗಿದ್ದನು. 1875ರಲ್ಲಿ ಈಜಿಪ್ಟಿನ ದೊರೆಯು ಸಾಲದ ಹೊರೆಯಿಂದ ಸೂಯೆಜ್ ಕಾಲುವೆಯ ತನ್ನ ಷೇರುಗಳನ್ನು ಮಾರಲು ಮುಂದಾದನು. ಪಾರ್ಲಿಮೆಂಟು ಅಧಿವೇಶನದಲ್ಲಿರಲಿಲ್ಲ. ಡಿಸ್ರೇಲಿ ರಾಥ್‌ಚೈಲ್ಡ್ ಮನೆತನದಿಂದ 40 ಲಕ್ಷ ಪೌಂಡು ಸಾಲ ಪಡೆದು ಅವನ್ನು ಬ್ರಿಟನ್ನಿಗಾಗಿ ಕೊಂಡನು. ಮೂಕಚಿತ್ರದ ಕಥಾವಸ್ತು ಇದೇ.

1876ರಲ್ಲಿ ಅವನು ವಿಕ್ಟೋರಿಯಾ ರಾಣಿಗೆ ಭಾರತದ ಚಕ್ರವರ್ತಿನಿ ಎಂಬ ಬಿರುದನ್ನು ಕೊಡಿಸಿದನು. 1877ರ ಜನವರಿ 1ರಂದು ದೆಹಲಿಯ ದರ್ಬಾರಿನಲ್ಲಿ ಅದನ್ನು ವೈಭವದಿಂದ ಸಾರಲಾಯಿತು. ಅದೇ ಸಮಯದಲ್ಲಿ ಮದರಾಸು, ಮೈಸೂರು ಸೀಮೆಗಳಲ್ಲಿ ಘೋರ ಕ್ಷಾಮವು ಲಕ್ಷಾಂತರ ಜನರನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಡಿಸ್ರೇಲಿಯ ಚರಿತ್ರೆಯಲ್ಲಿ ಇದನ್ನು ಮರೆಯುವಂತಿಲ್ಲ.

1881ರ ಏಪ್ರಿಲ್ 19ರಂದು ಅವನು ನಿಧನ ಹೊಂದಿದನು. ಅವನ ಸಾಮ್ರಾಜ್ಯದಾಹವನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ತನಗೆ ತೆರೆದ ಬಾಗಿಲು ತನ್ನವರಿಗೂ ತೆರೆಯಲೆಂದು ಸ್ವಪಕ್ಷವನ್ನೇ ಎದುರಿಸಿದ ಅವನ ಧೈರ್ಯವು ಗೌರವಕ್ಕೆ ಅರ್ಹವಾದುದು.