ಪೋಲೀಸು ಅಧಿಕಾರಿ ಮೆಡೋಸ್ ಟೇಲರ್

ಮೆಡೋಸ್ ಟೇಲರನನ್ನು ಕಾದಂಬರಿಕಾರನೆಂದು ಬಲ್ಲವರು ಬಹು ಮಂದಿ. ಆದರೆ ಇಪ್ಪತ್ತು ವರ್ಷ ತುಂಬುವ ಮೊದಲೇ ಆತನು ಪೋಲೀಸು ಅಧಿಕಾರಿಯಾಗಿದ್ದನೆಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ. ಪೋಲೀಸು ನೌಕರನ ಕೆಲಸವು ಅವನ ಯೋಗ್ಯತೆಯೊಂದರಿಂದಲೇ ಸಾಗುವುದೋ, ಇಲ್ಲವೇ ಅವನ ಕೈ ಮೀರಿದ ಬೇರೆ ಕಾರಣಗಳೂ ಉಂಟೋ ಎಂದು ಕೇಳುವವರು ಈತನ ಬಾಳನ್ನು ನೋಡಬೇಕು.

ಟೇಲರನು 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಜನಿಸಿದನು. 1824ರಲ್ಲಿ ಮುಂಬಯಿಯ ವರ್ತಕನೊಬ್ಬನ ಬಳಿ ಕೆಲಸಕ್ಕೆಂದು ಬಂದು ನೋಡಿದರೆ ಆ ವರ್ತಕನ ವ್ಯಾಪಾರವೇ ಕುಸಿದಿತ್ತು! ಹುಡುಗನು ನಿಜಾಮನ ಸೈನ್ಯವನ್ನು ಸೇರಿದನು. ದುಭಾಷಿಯ ಬಾಯನ್ನೇ ನೆಚ್ಚಿ ಕೂಡದೆ ದೇಶಭಾಷೆಗಳನ್ನು ಕಲಿತನು. ಈ ಭಾಷಾಜ್ಞಾನವೇ ಅವನಿಗೆ ತುಳಜಾಪುರದ ಕಡೆಯ ಪೋಲೀಸು ಹುದ್ದೆಯಲ್ಲಿ ನೆರವಾಯಿತು. ಕುದುರೆಯೇರಿ ಹಳ್ಳಿ ಹಳ್ಳಿ ಸುತ್ತಿ ಜನರ ಮಾತನ್ನು ತಾನೇ ಕೇಳುತ್ತಿದ್ದನು. ಆದರೆ 1829ರ ಸುಮಾರಿಗೆ ಅವನನ್ನು ಮರಳಿ ಪಲ್ಟಣಿಗೆ ಕರೆಸಿಕೊಂಡರು. ಆ ಸೀಮೆಯ ಹಾದಿಗಳಲ್ಲಿ ಠಕ್ಕರು ಪ್ರಯಾಣಿಕರನ್ನು ಕೊರಳು ಬಿಗಿದು ಕೊಲ್ಲುತ್ತಿದ್ದರೆಂಬುದು ಬಯಲಾದದ್ದು ಆಮೇಲೆ. ಕೀರ್ತಿ ಸ್ಲೀಮನ್ನನಿಗೆ ಸಂದಿತು. ತನ್ನನ್ನು ಅಲ್ಲಿಯೇ ಬಿಟ್ಟಿದ್ದರೆ ತಾನೇ ಮೊದಲು ಕಂಡುಹಿಡಿಯುತ್ತಿದ್ದೆನೆಂಬ ಕೊರಗು ಟೇಲರನಿಗೆ ಕಡೆಯವರೆಗೂ ಉಳಿಯಿತು. ಇದು ಬರಿಯ ಜಂಬವೆಂದು ನನಗೆ ತೋರುವುದಿಲ್ಲ. ಸೀಮೆಯನ್ನು ಅರಿತವನನ್ನು ಅರಿತ ಹೊತ್ತಿಗೇ ವರ್ಗ ಮಾಡಿದರೆ ಅವನ ಅರಿವು ಯಾರಿಗೆ ಬಂತು? ತಪ್ಪೊಪ್ಪಿದ ಠಕ್ಕರ ಹೇಳಿಕೆಗಳನ್ನು ಮುಂದೆ ಅವನೂ ಬರೆದುಕೊಂಡನು. 1839ರ ಅವನ ಕಾದಂಬರಿಗೆ ಅವೇ ಮೂಲ. ಶಿಕ್ಷೆಯ ಭಯದಿಂದ ಹುಟ್ಟಿದ ಆ ಹೇಳಿಕೆಗಳನ್ನು ಎಷ್ಟು ನಂಬಬೇಕೆಂದು ಇಂದಿನ ಇತಿಹಾಸಕಾರರು ಸಂಶಯಪಡುತ್ತಾರೆ.

ನಮ್ಮ ಸುರಪುರಕ್ಕೆ ಟೇಲರನು ಬಂದುದು 1841ರ ಬಳಿಕ. ಅಲ್ಲಿ 1853ರ ವರೆಗೆ, ಒಂದು ದಶಕಕ್ಕೂ ಮಿಕ್ಕಿ, ನಿಂತನು. ಇಲ್ಲಿ ಅವನಿಗೆ ಕಾಲ ದೊರೆಯಿತು. ಕಾಲದೊಡನೆ ಬೇಡರ ವಿಶ್ವಾಸವೂ ದೊರೆಯಿತು. ಬಾಲರಾಜ ವೆಂಕಟಪ್ಪ ನಾಯಕನು ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದನು.

1858ರಲ್ಲಿ ಅದೇ ವೆಂಕಟಪ್ಪ ನಾಯಕನು ಬ್ರಿಟಿಷರ ವಿರುದ್ಧ ಎದ್ದು ಸೋತು ಹೈದರಾಬಾದಿನಲ್ಲಿ ಸೆರೆಯಾದನು. ಅವನ ಬಾಯಿಂದ ಪ್ರೇರಕರ ಹೆಸರು ಹೊರಡಿಸಬಲ್ಲವನು ಟೇಲರನೊಬ್ಬನೇ ಎಂದು ಮೇಲಿನವರು ಎಣಿಸಿದರು. ಹಳೆಯ ವಿಶ್ವಾಸವನ್ನು ಹೀಗೂ ದುಡಿಸಿಕೊಳ್ಳಬಹುದು! ಟೇಲರನು ಸೆರೆಮನೆಗೆ ಹೋದನು. ತರುಣರಾಜನು ಅವನನ್ನು ತಬ್ಬಿಕೊಂಡು ಅತ್ತನು. ಆದರೆ ಯಾರ ಹೆಸರನ್ನೂ ಹೇಳಲಿಲ್ಲ. ಆ ವರ್ಷವೇ ಬೇರೊಂದು ಸೆರೆಗೆ ಸಾಗಿಸುವಾಗ ದಾರಿಯಲ್ಲಿ ಗುಂಡು ತಗಲಿ ಅವನು ತೀರಿಕೊಂಡನು. ಟೇಲರನು 1860ರಲ್ಲಿ ಸ್ವದೇಶಕ್ಕೆ ಮರಳಿ, 1876ರಲ್ಲಿ ಫ್ರಾನ್ಸಿನ ಮೆಂಟನ್ನಿನಲ್ಲಿ ನಿಧನನಾದನು.