ಬಂಡಿಯೇರಿದ ಗುರುಕುಲ

ಮನೆಯೆಂದೊಡನೆ ನಮಗೆ ನೆನಪಾಗುವುದು ಪಾಯ, ಗೋಡೆ, ಮಾಳಿಗೆ. ಮನೆಯನ್ನು ಜೊತೆಯಲ್ಲಿಯೇ ಕೊಂಡೊಯ್ಯಬಹುದೆಂಬ ಕಲ್ಪನೆ ಒಂದೆಡೆ ನೆಲೆನಿಂತವನಿಗೆ ವಿಚಿತ್ರವಾಗಿ ತೋರೀತು. ಈಚಿನ ವರ್ಷಗಳಲ್ಲಿ ಅಮೆರಿಕ, ಯುರೋಪುಗಳಲ್ಲಿ ಮೋಟಾರಿನ ಹಿಂದೆ ಪುಟ್ಟ ಮನೆಯೊಂದನ್ನು ಎಳೆದುಕೊಂಡು ಊರೂರು ಸುತ್ತುತ್ತ ಬಾಳುವವರು ಹೆಚ್ಚಿದ್ದಾರೆ. ಅದನ್ನು ಹೊಸ ಬಾಳಿನ ರೀತಿಯೆಂದು ಲೋಕ ಕೊಂಡಾಡುತ್ತಿದೆ. ರಾಣೇಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಂತಹ ಊರಿನವರಿಗೆ ಮಾತ್ರ ಇದರಲ್ಲಿ ಅಂಥ ಅಚ್ಚರಿಯೇನೂ ಕಾಣದು. ಕುರಿಹಿಂಡಿನ ಬೆನ್ನು ಹತ್ತಿ ಹೊರಟ ಕುರುಬನಿಗೆ ಹೆಗಲ ಮೇಲಿನ ಕರಿಯ ಕಂಬಳಿಯೇ ಹಾಸಿಗೆ, ಹೊದಿಕೆ, ಮಳೆ ಬಂದರೆ ಮಾಡು. ಹಿಂಡು ತಂಗಿದ ಹೊಲವೇ ಆ ರಾತ್ರಿಯ ಊರು.

ಕುರುಬನು ಮೇವಿಗಾಗಿ ತಿರುಗಿದರೆ, ಇದೇ ಸೀಮೆಯಲ್ಲಿ ಹುಟ್ಟಿದ ಮತ್ತೊಬ್ಬರು ಸಂಗೀತಕ್ಕಾಗಿ ಮನೆಮಾರನ್ನೆಲ್ಲ ಬಂಡಿಗೇರಿಸಿದರು. ಅವರು ಗಾನಯೋಗಿ ಪಂಚಾಕ್ಷರಿ ಗವಾಯಿಗಳು. ಕಣ್ಣಿಲ್ಲದ ಮಕ್ಕಳನ್ನು ಕಟ್ಟಿಕೊಂಡು, ತಾವೂ ಕಣ್ಣಿಲ್ಲದವರಾಗಿ, ಮೂರು ದಶಕಗಳಿಗೆ ಸಮೀಪದ ಕಾಲ ಒಂದು ಪಾಠಶಾಲೆಯನ್ನು ಅವರು ಊರಿಂದೂರಿಗೆ ನಡೆಸಿಕೊಂಡು ಹೋದರು.

ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರ ಫೆಬ್ರವರಿ 2ರಂದು ಅವರ ಜನನ. ತಂದೆ ಗುರುಪಾದಯ್ಯ ಚರಂತಿಮಠ, ತಾಯಿ ನೀಲಮ್ಮ. ಮಗುವಿಗೆ ಇಟ್ಟ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ಅಂಧ, ಸಹೋದರ ಗುರುಬಸಯ್ಯನೂ ಹಾಗೆಯೇ. ಬಡ ಮನೆಯಲ್ಲಿ ಇಬ್ಬರು ಕುರುಡು ಮಕ್ಕಳೆಂದರೆ ಆ ಕಾಲದಲ್ಲಿ ಅವರ ಮುಂದಿದ್ದ ದಾರಿ ಯಾವುದೆಂಬುದನ್ನು ವಿವರಿಸಬೇಕಾಗಿಲ್ಲ. ಗುಡಿಯ ಕಟ್ಟೆ, ಚಾಚಿದ ಕೈ, ಅಷ್ಟೆ. ಆದರೆ ಆ ಎರಡು ಕೊರಳುಗಳಲ್ಲಿ ನಾದವಿತ್ತು. ಅದನ್ನು ಗುರುತಿಸಿದವರು ಹಾನಗಲ್ಲು ವಿರಕ್ತಮಠದ ಕುಮಾರ ಸ್ವಾಮಿಗಳು.

ಕುಮಾರ ಸ್ವಾಮಿಗಳು ಜನಿಸಿದ್ದು 1867ರಲ್ಲಿ, ರಾಣೇಬೆನ್ನೂರು ತಾಲ್ಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ. 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಶಿವಯೋಗ ಮಂದಿರವನ್ನೂ ಸ್ಥಾಪಿಸಿದ ಆ ಮಹನೀಯರ ಕಾರ್ಯಗಳಲ್ಲಿ ಈ ಬಾಲಕರ ಕೈಹಿಡಿದುದು ಚಿಕ್ಕದೆಂದು ಆಗ ತೋರಿದ್ದಿರಬಹುದು. ನನಗಂತೂ ಹಾಗೆ ತೋರುವುದಿಲ್ಲ. ಗುರುಬಸಯ್ಯನು ಅಕಾಲದಲ್ಲಿ ತೀರಿಕೊಂಡನು. ಉಳಿದ ಗದಿಗೆಯ್ಯನು ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದನು. ಹಿಂತಿರುಗಿದ ಮೇಲೆ ಮಿರಜಿನ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಪದ್ಧತಿಯನ್ನು ಕಲಿತನು. ಎರಡು ಪದ್ಧತಿಗಳನ್ನೂ ಸಮನಾಗಿ ವಶಮಾಡಿಕೊಂಡವರು ಅಂದೂ ವಿರಳ, ಇಂದೂ ವಿರಳ. ಉಭಯಗಾನ ವಿಶಾರದರೆಂಬ ಬಿರುದು ಅವರಿಗೆ ಅಲಂಕಾರಕ್ಕೆ ಬಂದುದಲ್ಲ.

ಇಷ್ಟು ವಿದ್ಯೆ ಕೈವಶವಾದವನಿಗೆ ಯಾವುದಾದರೊಂದು ಸಂಸ್ಥಾನದ ಆಶ್ರಯವೋ ಪಟ್ಟಣದ ಧನಿಕರ ಪೋಷಣೆಯೋ ದುರ್ಲಭವಾಗುತ್ತಿರಲಿಲ್ಲ. ಗವಾಯಿಗಳು ಆ ದಾರಿಯನ್ನು ಹಿಡಿಯಲಿಲ್ಲ. ಬ್ರಹ್ಮಚಾರಿಯಾಗಿ ಉಳಿದು, ಅಂಧರಿಗೂ ಅನಾಥರಿಗೂ ವಿದ್ಯೆಯನ್ನು ಧಾರೆಯೆರೆಯಬೇಕೆಂಬ ಗುರುವಿನ ಅಪ್ಪಣೆಯನ್ನು ಅವರು ಶಿರಸಾವಹಿಸಿದರೆಂದು ಶಿಷ್ಯಪರಂಪರೆ ಹೇಳುತ್ತದೆ. 1914ರಲ್ಲಿ ನಿಡಗುಂದಿಕೊಪ್ಪದಲ್ಲಿ ಪಾಠಶಾಲೆ ಮೊದಲಾಯಿತೆನ್ನುತ್ತಾರೆ. ಕುಮಾರೇಶ್ವರ ಕೃಪಾಪೋಷಿತವೆಂದು ಹೆಸರಾಂತ ಆ ಶಾಲೆಗೆ ಸಂಚಾರಿ ಎಂಬ ವಿಶೇಷಣ ಅಂಟಿಕೊಂಡಿತು. ಅದಕ್ಕೆ ಕಟ್ಟಡವಿರಲಿಲ್ಲ. ಕರೆದ ಊರಿನ ಮಠದ ಪಡಸಾಲೆ, ಗುಡಿಯ ಪೌಳಿ, ಭಕ್ತರ ಮನೆಯ ಅಂಗಳ, ಇವೇ ಅದರ ತರಗತಿ; ಅಲ್ಲಿಯೇ ಊಟ, ಅಲ್ಲಿಯೇ ನಿದ್ದೆ. ಊರಿನ ಧಾನ್ಯ ತೀರುವ ಮೊದಲೇ, ಊರವರ ಉತ್ಸಾಹ ತೀರುವ ಮೊದಲೇ, ಮುಂದಿನ ಊರಿನ ಯೋಚನೆ.

ಇಂಥ ಸಂಸಾರವನ್ನು ಬಂಡಿಗೇರಿಸುವುದೆಂದರೇನೆಂದು ವಾಚಕರು ಒಂದಿಷ್ಟು ಯೋಚಿಸಬೇಕು. ನಮ್ಮ ಸೀಮೆಯ ಚಕ್ಕಡಿ ಎರೆಹೊಲದ ದಾರಿಯಲ್ಲಿ ಹೇಗೆ ಕುಲುಕುತ್ತದೆಂಬುದನ್ನು ಬಲ್ಲವರೇ ಬಲ್ಲರು. ತಂಬೂರಿಯ ಬುರುಡೆ ಒಣಗಿದ ಸೋರೆಕಾಯಿಯದು. ಒಂದು ಪೆಟ್ಟಿಗೆ ಸೀಳುತ್ತದೆ. ಹಾರ್ಮೋನಿಯಮ್ಮಿನ ಸ್ವರಪಟ್ಟಿಗೆ ಧೂಳು ಹೊಕ್ಕರೆ ಸ್ವರ ಕಟ್ಟಿಹೋಗುತ್ತದೆ. ಮಳೆಗಾಲದ ತಂಪಿಗೆ ತಬಲೆಯ ಚರ್ಮ ಇಳಿಯುತ್ತದೆ, ಬೇಸಗೆಯಲ್ಲಿ ಬಿಗಿಯುತ್ತದೆ. ಪ್ರತಿ ತಂಗುದಾಣದಲ್ಲಿಯೂ ಸುತ್ತಿಗೆ ಹಿಡಿದು ಮತ್ತೆ ಶ್ರುತಿಗೆ ತರಬೇಕು. ವಾದ್ಯಗಳ ಮಾತು ಹಾಗಿರಲಿ, ಮಕ್ಕಳ ಮಾತೇನು? ಕಣ್ಣಿದ್ದವನಿಗೆ ಹೊಸ ಊರು ಒಂದು ನೋಟದ ಕೆಲಸ. ಕಣ್ಣಿಲ್ಲದ ಬಾಲಕನು ಹೊಸಿಲೆಲ್ಲಿ, ಮೆಟ್ಟಿಲೆಷ್ಟು, ಬಾವಿ ಎಷ್ಟು ಹೆಜ್ಜೆ ದೂರ ಎಂಬುದನ್ನು ಕಾಲಿನಿಂದಲೇ ಕಲಿಯಬೇಕು. ಕಲಿತುಕೊಂಡ ಹೊತ್ತಿಗೆ ಬಂಡಿ ಹೂಡುವ ಸಮಯ ಬಂದಿರುತ್ತದೆ. ಅಂಥ ಮಕ್ಕಳಿಗೆ ಊರೂರಿಗೂ ಬದಲಾಗದೆ ಉಳಿಯುತ್ತಿದ್ದುದು ಎರಡೇ: ಗುರುವಿನ ದನಿ, ಬೆಳಗಿನ ಜಾವದ ಷಡ್ಜ. ಆ ಷಡ್ಜವನ್ನೇ ಅವರ ಮನೆಯೆಂದು ಕರೆದರೆ ಅತಿಶಯೋಕ್ತಿಯಾಗದು.

ಒಂದು ವಿಷಯದಲ್ಲಿ ಮಾತ್ರ ಈ ಶಾಲೆಯ ಹೊರೆ ಹಗುರವಾಗಿತ್ತು. ಅದಕ್ಕೆ ಪುಸ್ತಕ ಬೇಕಿರಲಿಲ್ಲ. ಭಾರತೀಯ ಭಾಷೆಗಳಿಗೆಲ್ಲ ಸಾಮಾನ್ಯವಾದ ಬ್ರೈಲ್ ಲಿಪಿ ಒಪ್ಪಿತವಾದದ್ದು 1951ರಲ್ಲಿ. ಗವಾಯಿಗಳ ಕಾಲಕ್ಕೆ ಅಂಧ ಬಾಲಕನ ಗ್ರಂಥಾಲಯವೆಲ್ಲ ಅವನ ನೆನಪಿನಲ್ಲಿಯೇ ಇರಬೇಕಾಗಿತ್ತು. ಚೀಜುಗಳು, ಕೃತಿಗಳು, ವಚನಗಳು, ತಾಳದ ಲೆಕ್ಕಗಳು, ಎಲ್ಲವೂ ಗುರುವಿನ ಕೊರಳಿನಿಂದ ಶಿಷ್ಯನ ಕೊರಳಿಗೆ. ಕಟ್ಟಡದಲ್ಲಿ ನಡೆದರೂ ಈ ಪಾಠ ಇದೇ ಬಗೆಯದಾಗುತ್ತಿತ್ತು. ಆದುದರಿಂದಲೇ ಕಟ್ಟಡವಿಲ್ಲದೆಯೂ ಅದು ಕೆಡಲಿಲ್ಲ.

1930ರಲ್ಲಿ ಕುಮಾರ ಸ್ವಾಮಿಗಳು ಲಿಂಗೈಕ್ಯರಾದರು. ಬೆನ್ನಿಗಿದ್ದ ಆಸರೆ ಹೋಯಿತು. ಉಣ್ಣುವ ಬಾಯಿಗಳು ಹೆಚ್ಚುತ್ತಲೇ ಇದ್ದುವು. ಸಂಗೀತ ಕಚೇರಿಯ ಸಂಭಾವನೆ, ಭಕ್ತರ ಕಾಣಿಕೆ, ಜೋಳಿಗೆಯ ಜೋಳ, ಇವು ಸಾಲದಾದಾಗ ನಾಟಕ ಮಂಡಳಿಯೊಂದು ಹುಟ್ಟಿತು. ಅಂಧ ಗಾಯಕರ ಗುರುಕುಲ ಬಣ್ಣದ ಪರದೆಯ ಕೆಳಗೆ ನಿಂತುದನ್ನು ಕಂಡು ಮೂಗುಮುರಿದವರೂ ಇದ್ದಿರಬೇಕು. ನಾಟಕವೆಂದರೆ ಅಂದಿನ ಸಂಭಾವಿತರಿಗೆ ಅಷ್ಟು ಮಡಿಯ ವಸ್ತುವಲ್ಲ. ಆದರೆ ಮಕ್ಕಳ ಹಸಿವೆಗೆ ಆ ವಿಚಾರ ತಿಳಿಯದು.

ಗವಾಯಿಗಳ ಜೀವನವನ್ನು ಬಣ್ಣಿಸುವವರು ಪವಾಡಗಳ ಕಥೆಗಳನ್ನು ವಿಶೇಷವಾಗಿ ಹೇಳುತ್ತಾರೆ. ಭಕ್ತಿಗೆ ಅದು ಸಹಜ. ನನಗೆ ಅವುಗಳಿಗಿಂತ ದೊಡ್ಡದಾಗಿ ಕಾಣುವುದು ಶಿಷ್ಯರ ಪಟ್ಟಿ. ಹಾನಗಲ್ಲು ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ಹಸುಳೆತನದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಪುಟ್ಟರಾಜರನ್ನು ಸೋದರಮಾವ ತಂದು ಒಪ್ಪಿಸಿದ್ದು ಈ ಮಡಿಲಿಗೆ. ಯಲಿವಾಳದ ಬಾಲಕ ಬಸವರಾಜ ರಾಜಗುರು ನಾಟಕ ಕಂಪನಿಯಲ್ಲಿ ಹಾಡುತ್ತಿದ್ದವನು. ಅವನಿಗೆ ಕಣ್ಣುಗಳಿದ್ದುವು, ಆದರೂ ಇಲ್ಲಿ ಜಾಗ ದೊರೆಯಿತು. ಅರ್ಜುನಸಾ ನಾಕೋಡ, ಸಿದ್ಧರಾಮ ಜಂಬಲದಿನ್ನಿ ಮೊದಲಾದವರೂ ಇಲ್ಲಿ ಕಲಿತವರೇ. ಜಾತಿಯನ್ನು ಕೇಳಿ ಪಂಕ್ತಿ ಹಾಕುವ ಪದ್ಧತಿ ಈ ಗುರುಕುಲಕ್ಕಿರಲಿಲ್ಲ. 1936ರಲ್ಲಿ ವಿಜಯನಗರ ಸ್ಥಾಪನೆಯ ಆರನೆಯ ಶತಮಾನೋತ್ಸವ ಹಂಪೆಯಲ್ಲಿ ನಡೆದಾಗ ರಾಜಗುರುಗಳು ಮೊಟ್ಟಮೊದಲು ದೊಡ್ಡ ಸಭೆಯ ಮುಂದೆ ಹಾಡಿದರು. ತಬಲೆ ನುಡಿಸಲು ಕುಳಿತವರು ಗವಾಯಿಗಳೇ. ಗುರುವು ಶಿಷ್ಯನಿಗೆ ಪಕ್ಕವಾದ್ಯಗಾರನಾದನು! ಅಂದಿನ ಉಸ್ತಾದರ ಲೋಕದಲ್ಲಿ, ವಿದ್ಯೆಯನ್ನು ಮಗನಿಂದಲೂ ಮರೆಮಾಡುತ್ತಿದ್ದವರ ನಡುವೆ, ಇದು ಎಂಥ ನಡತೆಯೆಂಬುದನ್ನು ಸಂಗೀತ ಬಲ್ಲವರು ಊಹಿಸಿಕೊಳ್ಳಬಲ್ಲರು.

ಪುಟ್ಟ ಗಾಲಿಮನೆಯಲ್ಲಿ ಇಂದು ಸುತ್ತುವವರಿಗೆ ಬೇಸರವಾದರೆ ಹಿಂತಿರುಗಲು ಇನ್ನೊಂದು ನೆಲೆಯಿರುವುದುಂಟು. ಗವಾಯಿಗಳ ಪರಿವಾರಕ್ಕೆ ಅದಿರಲಿಲ್ಲ. ಹಿಂತಿರುಗುವ ಊರೇ ಇಲ್ಲದ ಮಕ್ಕಳಿಗಾಗಿ ಅವರು ತಿರುಗಿದರು. ವಯಸ್ಸು ಐವತ್ತನ್ನು ಮುಟ್ಟುವ ಹೊತ್ತಿಗೆ ದೇಹ ಸೋತಿತ್ತು. 1942ರಲ್ಲಿ ಗದಗಿನಲ್ಲಿ, ಬಸರಿಗಿಡದ ವೀರಪ್ಪ ಎಂಬ ಉದಾರಿಗಳ ನೆರವಿನಿಂದ, ವೀರೇಶ್ವರ ಪುಣ್ಯಾಶ್ರಮ ನೆಲೆಗೊಂಡಿತು. ಬಂಡಿ ನಿಂತಿತು. ಕಡೆಗೂ ಮಕ್ಕಳು ಒಂದು ಬಾವಿಯ ಹೆಜ್ಜೆಗಳನ್ನು ಎಣಿಸಿಟ್ಟುಕೊಂಡು ಮರುದಿನವೂ ಅದೇ ಲೆಕ್ಕವನ್ನು ನಂಬಬಹುದಾಯಿತು. ಗುರುವಿಗೆ ಆ ಸೂರಿನ ಕೆಳಗೆ ದೊರೆತ ಕಾಲ ಎರಡು ವರ್ಷ ಮಾತ್ರ. 1944ರ ಜೂನ್ 11ರಂದು, ಐವತ್ತೆರಡನೆಯ ವಯಸ್ಸಿನಲ್ಲಿ, ಅವರು ಗದಗಿನಲ್ಲಿ ದೇಹವನ್ನಿಳುಹಿದರು.

ಹೊಣೆ ಪುಟ್ಟರಾಜರ ಮೇಲೆ ಬಿತ್ತು. ಗೋಡೆಗಳಿದ್ದುವು, ಕಣಜ ಬರಿದಾಗಿತ್ತು. ನೆಲೆನಿಂತ ಮನೆಯನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಅವರು ಮತ್ತೆ ಊರೂರು ತಿರುಗಬೇಕಾಯಿತು: ಮೊದಲು ತಾವೇ ಬರೆದ ನಾಟಕಗಳೊಡನೆ, ಆಮೇಲೆ ಭಕ್ತರು ನಡೆಸಿದ ಅಸಂಖ್ಯ ತುಲಾಭಾರಗಳಿಗಾಗಿ. ತಕ್ಕಡಿಯ ಒಂದು ತಟ್ಟೆಯಲ್ಲಿ ಅವರು ಕುಳಿತುಕೊಳ್ಳುವರು, ಇನ್ನೊಂದರಲ್ಲಿ ಊರವರು ನಾಣ್ಯಗಳನ್ನು ಸುರಿಯುವರು. ಆ ಹಣ ಗದಗಿಗೆ ಹೋಗಿ ಮಕ್ಕಳ ರೊಟ್ಟಿಯಾಗುವುದು. 2010ರ ಸೆಪ್ಟೆಂಬರಿನಲ್ಲಿ ತಾವು ತೀರಿಕೊಳ್ಳುವವರೆಗೆ, ಅರವತ್ತಾರು ವರ್ಷಗಳ ಕಾಲ, ಅವರು ಗುರುವಿನ ಮನೆಯನ್ನು ಹೀಗೆ ನಡೆಸಿದರು.